ಮನೆಯ ಬ್ರಾಡ್‌ಬ್ಯಾಂಡಿನ ವೇಗವನ್ನು ಅಳೆಯುವ ಬಗೆ

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡವು ಘಟ್ಟದ ಬುಡದಲ್ಲಿರುವ ಅಡಿಕೆ ತೋಟಗಳ ಊರು. ಧರ್ಮಸ್ಥಳಕ್ಕೆ ಬಂದ ಯಾತ್ರಿಕರಲ್ಲಿ ಅನೇಕರು, ಗುಡಿಗೋಪುರಗಳಿಲ್ಲದೆ ಬಯಲಿನಲ್ಲಿಯೇ ನೆಲೆಸಿರುವ ಸೌತಡ್ಕದ ಗಣಪತಿಯನ್ನು ಕಾಣುವುದಕ್ಕಾಗಿ ಈ ಊರಿಗೂ ಬಂದು ಹೋಗುವುದುಂಟು. ಬಯಲುಸೀಮೆಯ ಹಳ್ಳಿಗಳಂತೆ ಇಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿಲ್ಲ. ಒಂದೊಂದು ಮನೆಯೂ ತನ್ನ ತೋಟದ ನಡುವೆ, ನೆರೆಮನೆಯಿಂದ ದೂರವಾಗಿ ಇರುತ್ತದೆ. ಇಂಥ ಒಂದು ಮನೆಯಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಕಳೆದ ಮಳೆಗಾಲದಲ್ಲಿ ತನ್ನ ಮೊಬೈಲಿನ ಪರದೆಯನ್ನು ನನ್ನ ಮುಂದೆ ಹಿಡಿದು, "ಸರ್, ನಾವು ತಿಂಗಳು ತಿಂಗಳೂ ೧೫೦ ಮೆಗಾಬಿಟ್ಟಿಗೆ ಹಣ ಕಟ್ಟುತ್ತಿದ್ದೇವೆ, ಬರುತ್ತಿರುವುದು ೯೪ ಮಾತ್ರ. ಇದು ಮೋಸವಲ್ಲವೇ?" ಎಂದು ಕೇಳಿದನು.

ಅವನ ಮನೆಯಲ್ಲಿ ಇದು ಬರಿಯ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಅವನ ಅಕ್ಕ ಬೆಂಗಳೂರಿನ ಸಂಸ್ಥೆಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದಳು. ಸಂಜೆಯ ಹೊತ್ತು ಸಹೋದ್ಯೋಗಿಗಳೊಡನೆ ವಿಡಿಯೊ ಸಭೆಗೆ ಕುಳಿತರೆ ಅವಳ ಮಾತು ಆಚೆಯವರಿಗೆ ಕಡಿಕಡಿದು ಕೇಳುತ್ತಿತ್ತು. ಇದು ಸರಿಹೋಗದಿದ್ದರೆ ಬೆಂಗಳೂರಿಗೆ ಮರಳಿ ಬರಬೇಕಾದೀತೆಂದು ಮೇಲಿನವರು ತಿಳಿಸಿದ್ದರು. ಮನೆಯಲ್ಲಿ ತಾಯಿಗೆ ಆರೋಗ್ಯವಿರಲಿಲ್ಲವಾದುದರಿಂದ ಅವಳು ಹೊರಡುವುದು ಸುಲಭದ ಮಾತಲ್ಲ. ತಂದೆಯವರು ೩೦೦ ಮೆಗಾಬಿಟ್ಟಿನ ಯೋಜನೆಗೆ ಹಣ ತೆಗೆದಿಟ್ಟಿದ್ದರು. ನಾನು ಅವರ ಮನೆಗೆ ಹೋದಾಗ, "ಹಣ ಹೋದರೆ ಹೋಗಲಿ ಮಾಸ್ಟ್ರೇ, ದೊಡ್ಡ ಪ್ಲಾನೇ ಹಾಕಿಸುವ" ಎಂದರು. ಒಂದು ವಾರ ತಾಳಿ, ಮೊದಲು ಅಳೆದು ನೋಡೋಣ ಎಂದು ನಾನು ಕೇಳಿಕೊಂಡೆನು. ಮೋಸವೇ ಅಲ್ಲವೇ ಎಂಬುದು ಭೌತವಿಜ್ಞಾನದ ಪ್ರಶ್ನೆಯಲ್ಲ. ಆದರೆ ೯೪ ಎಂಬ ಸಂಖ್ಯೆ ಎಲ್ಲಿಂದ ಬಂದಿತು ಎಂಬುದು ಭೌತವಿಜ್ಞಾನದ ಪ್ರಶ್ನೆಯೇ ಸರಿ.

ಮೊದಲು ಮಾತಿನ ಗೊಂದಲವೊಂದನ್ನು ನಿವಾರಿಸಿಕೊಳ್ಳಬೇಕು. 'ವೇಗ' ಎಂದು ನಾವು ಕರೆಯುತ್ತಿರುವುದು ವಾಸ್ತವವಾಗಿ ವೇಗವಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರ್ ಸಾಗುತ್ತದೆ. ನಿರ್ವಾತದಲ್ಲಿ ಅದು ಮೂರು ಲಕ್ಷ. ಗಾಜಿನ ವಕ್ರೀಭವನಾಂಕ ಸುಮಾರು ೧.೪೭ ಆದುದರಿಂದ ಇಷ್ಟು ಕಡಿಮೆ. ೫೦ ಮೆಗಾಬಿಟ್ಟಿನ ಗಿರಾಕಿಗೂ ೫೦೦ ಮೆಗಾಬಿಟ್ಟಿನ ಗಿರಾಕಿಗೂ ಬೆಳಕು ಇದೇ ವೇಗದಿಂದ ಬರುತ್ತದೆ. ಹಾಗಾದರೆ ಹೆಚ್ಚು ಹಣಕ್ಕೆ ಹೆಚ್ಚು ಸಿಗುವುದಾದರೂ ಏನು? ತೋಟಕ್ಕೆ ನೀರು ಹಾಯಿಸುವವರಿಗೆ ಇದನ್ನು ತಿಳಿಸುವುದು ಸುಲಭ. ಗುಡ್ಡದ ಮೇಲಿನ ಟಾಂಕಿಯಿಂದ ತೋಟದವರೆಗೆ ಒಂದು ಪೈಪು ಇದೆಯೆನ್ನೋಣ. ಗೇಟನ್ನು ತಿರುಗಿಸಿದ ಮೇಲೆ ಮೊದಲ ಹನಿ ಕೆಳಗೆ ಬರುವುದಕ್ಕೆ ಎಷ್ಟು ಹೊತ್ತು ಬೇಕೆಂಬುದು ಒಂದು ಪ್ರಶ್ನೆ. ಬರಲಾರಂಭಿಸಿದ ಮೇಲೆ ನಿಮಿಷಕ್ಕೆ ಎಷ್ಟು ಕೊಡ ತುಂಬುವುದೆಂಬುದು ಬೇರೆಯೇ ಪ್ರಶ್ನೆ. ಮೊದಲನೆಯದು ವಿಳಂಬ, ಎರಡನೆಯದು ಹರಿವು. ಯೋಜನೆಯ ಹೆಸರಿನಲ್ಲಿ ಕಂಪನಿಯು ಮಾರುವುದು ಹರಿವನ್ನು. ಜಾಹೀರಾತಿನಲ್ಲಿ ವಿಳಂಬದ ಮಾತೇ ಇರುವುದಿಲ್ಲ. ಆದರೆ ಅಕ್ಕನ ಸಂಕಟದಲ್ಲಿ ದೊಡ್ಡ ಪಾತ್ರ ಅದರದೇ ಎಂಬುದು ಮುಂದೆ ತಿಳಿಯುವುದು.

ಹರಿವಿನ ಮಾನ 'ಬಿಟ್'. ಇಲ್ಲ-ಉಂಟು, ಸೊನ್ನೆ-ಒಂದು ಎಂಬ ಎರಡರಲ್ಲಿ ಒಂದನ್ನು ಆರಿಸುವ ಕನಿಷ್ಠ ಸಮಾಚಾರವೇ ಬಿಟ್. ಒಂದು ಸಂಪರ್ಕಮಾರ್ಗವು ಸೆಕೆಂಡಿಗೆ ಗರಿಷ್ಠ ಎಷ್ಟು ಬಿಟ್ಟುಗಳನ್ನು ತಪ್ಪಿಲ್ಲದೆ ಸಾಗಿಸಬಲ್ಲದೆಂಬುದನ್ನು ಅದರ ಆವೃತ್ತಿಯ ವ್ಯಾಪ್ತಿಯಿಂದಲೂ ಸಂಕೇತ-ಗದ್ದಲಗಳ ಪ್ರಮಾಣದಿಂದಲೂ ಲೆಕ್ಕ ಹಾಕುವ ಸೂತ್ರವನ್ನು ೧೯೪೮ರಲ್ಲಿ ಕ್ಲಾಡ್ ಶ್ಯಾನನ್ ಎಂಬ ಅಮೆರಿಕದ ಗಣಿತಜ್ಞನು ಕೊಟ್ಟನು. ಮಾರುವವರು ಬಿಟ್ಟಿನಲ್ಲಿ ಮಾರುತ್ತಾರೆ. ಕಂಪ್ಯೂಟರು ಕಡತಗಳನ್ನು ಇಳಿಸಿಕೊಳ್ಳುವಾಗ ಬೈಟಿನಲ್ಲಿ ತೋರಿಸುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟು. ಆದುದರಿಂದ ೧೦೦ ಮೆಗಾಬಿಟ್ಟಿನ ಸಂಪರ್ಕದಲ್ಲಿ ಸೆಕೆಂಡಿಗೆ ೧೨.೫ ಮೆಗಾಬೈಟು ಬಂದರೆ ಅದು ಪೂರ್ಣ ಹರಿವು. ಹನ್ನೆರಡನ್ನು ಕಂಡು ನೂರರಲ್ಲಿ ಎಂಬತ್ತೆಂಟು ಕಳವಾಯಿತೆಂದು ದೂರುವವರನ್ನು ನಾನು ಕಂಡಿದ್ದೇನೆ. ಇನ್ನೊಂದು ಸಣ್ಣ ತೊಡಕೂ ಇದೆ. ಸಂಪರ್ಕದವರಿಗೆ 'ಮೆಗಾ' ಎಂದರೆ ಹತ್ತು ಲಕ್ಷ. ಕೆಲವು ಕಂಪ್ಯೂಟರುಗಳ ಲೆಕ್ಕದಲ್ಲಿ ಮೆಗಾಬೈಟೆಂದರೆ ೧೦,೪೮,೫೭೬ ಬೈಟು. ಈ ಭೇದದಿಂದಲೇ ಶೇಕಡ ಐದರಷ್ಟು ಅಂತರ ಬೀಳುತ್ತದೆ.

ಈ ಸಂಖ್ಯೆಗಳು ಬೆಳೆದು ಬಂದ ಬಗೆಯನ್ನು ಒಂದು ನಿಮಿಷ ನೆನೆಯಬಹುದು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವು ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ೨೦೦೪ರ ಸರಕಾರದ ನೀತಿಯು ಸೆಕೆಂಡಿಗೆ ೨೫೬ ಕಿಲೊಬಿಟ್ಟಿಗೆ ಕಡಿಮೆಯಿಲ್ಲದ್ದನ್ನು 'ಬ್ರಾಡ್‌ಬ್ಯಾಂಡ್' ಎಂದು ಕರೆಯಿತು. ೨೦೧೩ರಲ್ಲಿ ಈ ಮಿತಿ ೫೧೨ ಕಿಲೊಬಿಟ್ಟಾಯಿತು. ೨೦೨೩ರ ಜನವರಿಯಲ್ಲಿ ೨ ಮೆಗಾಬಿಟ್ಟಿಗೆ ಏರಿತು. ಕೊಕ್ಕಡದಂಥ ಊರುಗಳಿಗೆ ಆ ಮೊದಲಿನ ದಿನಗಳು ಕಷ್ಟದವು. ದೂರವಾಣಿಯ ತಾಮ್ರದ ತಂತಿಯಲ್ಲಿ ಹತ್ತು ಇಪ್ಪತ್ತು ಲಕ್ಷ ಆವೃತ್ತಿಯ ಸಂಕೇತಗಳನ್ನು ಹರಿಸಿದರೆ ಅವು ದೂರದೊಡನೆ ಬಲು ಬೇಗ ಕ್ಷೀಣಿಸುತ್ತವೆ. ವಿನಿಮಯ ಕೇಂದ್ರದ ಪಕ್ಕದ ಮನೆಗೆ ೨೪ ಮೆಗಾಬಿಟ್ಟನ್ನು ಕೊಡಬಲ್ಲ ಅದೇ ಪದ್ಧತಿಯು ಐದು ಕಿಲೊಮೀಟರ್ ಆಚೆಯ ಮನೆಗೆ ಒಂದೆರಡನ್ನು ಮುಟ್ಟಿಸುವುದಕ್ಕೂ ಏದುಸಿರು ಬಿಡುವುದು. ಮನೆಗಳು ಚದುರಿದ ನಾಡಿನಲ್ಲಿ ತಂತಿಗಳು ಉದ್ದವಾಗಲೇಬೇಕಷ್ಟೆ! ಅದರ ಮೇಲೆ, ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ತಂತಿಯ ಕೀಲುಗಳಿಗೆ ನೀರಿಳಿದರೆ ಗದ್ದಲವು ಹೆಚ್ಚಿ, ಶ್ಯಾನನ್ನನ ಸೂತ್ರಕ್ಕೆ ಅನುಸಾರವಾಗಿಯೇ ಹರಿವು ತಗ್ಗುತ್ತಿತ್ತು. "ಮಳೆಗೆ ನೆಟ್ಟು ನಿಧಾನ" ಎಂಬ ಮಾತು ಹುಟ್ಟಿದ್ದು ಹೀಗೆ.

ಗಾಜಿನ ಎಳೆಯು ಈ ಸ್ಥಿತಿಯನ್ನು ಬದಲಿಸಿತು. ೧೯೬೬ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಎಂಬವರು, ಕಿಲೊಮೀಟರಿಗೆ ೨೦ ಡೆಸಿಬಲ್ಲಿಗೆ ಮೀರದಷ್ಟು ನಷ್ಟವಿರುವ ಗಾಜು ಸಿಕ್ಕಿದರೆ ಬೆಳಕಿನಿಂದ ಸಂದೇಶವನ್ನು ಕಳುಹಿಸಬಹುದೆಂದು ತೋರಿಸಿದರು. ಆ ಕಾಲದ ಗಾಜಿನಲ್ಲಿ ನಷ್ಟವು ಸಾವಿರ ಡೆಸಿಬಲ್ಲಿನಷ್ಟಿತ್ತು. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯು ೧೭ ಡೆಸಿಬಲ್ಲಿನ ಎಳೆಯನ್ನು ತಯಾರಿಸಿತು. ಇಂದು ಅನುಕೂಲವಾದ ತರಂಗಾಂತರದಲ್ಲಿ ಅದು ೦.೨ ಡೆಸಿಬಲ್, ಎಂದರೆ ಹದಿನೈದು ಕಿಲೊಮೀಟರ್ ಸಾಗಿದ ಮೇಲೂ ಅರ್ಧದಷ್ಟು ಬೆಳಕು ಉಳಿದಿರುತ್ತದೆ. ಕಾವೊನಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗಾಜಿಗೆ ಮಳೆಯ ಭಯವಿಲ್ಲ. ಗಾಳಿಗೆ ಅಡಿಕೆ ಮರವೋ ಕೊಂಬೆಯೋ ಮುರಿದು ಎಳೆಯ ಮೇಲೆ ಬಿದ್ದರೆ ಮೋಡೆಮ್ಮಿನಲ್ಲಿ ಕೆಂಪು ದೀಪ ಹತ್ತಿ ಸಂಪರ್ಕ ಪೂರ್ತಿ ನಿಲ್ಲುವುದು. ಆದರೆ ಕೇವಲ ಎಳೆ ನೆನೆದ ಕಾರಣದಿಂದ ೧೫೦ ಇದ್ದದ್ದು ೯೪ಕ್ಕೆ ಇಳಿಯುವುದಿಲ್ಲ. ಹೀಗಾಗಿ ನಮ್ಮ ಪ್ರಶ್ನೆಯಲ್ಲಿ ಮಳೆಯನ್ನು ಆರೋಪಿಗಳ ಪಟ್ಟಿಯಿಂದ ಮೊದಲೇ ತೆಗೆದುಹಾಕಿದೆವು.

ಇನ್ನು ಅಳೆಯುವ ವಿಧಾನ. ಊಕ್ಲಾ ಸಂಸ್ಥೆಯ 'ಸ್ಪೀಡ್‌ಟೆಸ್ಟ್' ೨೦೦೬ರಿಂದಲೂ, ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 'ಮೈಸ್ಪೀಡ್' ಮತ್ತು ನೆಟ್‌ಫ್ಲಿಕ್ಸಿನ 'ಫಾಸ್ಟ್' ೨೦೧೬ರಿಂದಲೂ ಬಳಕೆಯಲ್ಲಿವೆ. ಇವು ಮಾಡುವ ಕೆಲಸ ಕೊಡಪಾನ ಮತ್ತು ಗಡಿಯಾರದ ಕೆಲಸವೇ. ದೂರದ ಯಂತ್ರವೊಂದರಿಂದ ಅರ್ಥವಿಲ್ಲದ ಬಿಟ್ಟುಗಳನ್ನು ತರಿಸಿಕೊಂಡು, ಬಂದ ಮೊತ್ತವನ್ನು ತೆಗೆದುಕೊಂಡ ಕಾಲದಿಂದ ಭಾಗಿಸುತ್ತವೆ. ಆದರೆ ನೀರು ಒಮ್ಮೆಲೇ ರಭಸದಿಂದ ಬರುವುದಿಲ್ಲ. ಕಳುಹಿಸುವ ಯಂತ್ರವು ಮಾರ್ಗದ ಸಾಮರ್ಥ್ಯವನ್ನು ಅರಿಯದು. ಆದುದರಿಂದ ಅದು ಮೊದಲು ಹತ್ತರಷ್ಟು ಪೊಟ್ಟಣಗಳನ್ನು ಮಾತ್ರ ಕಳುಹಿಸಿ, 'ಮುಟ್ಟಿತು' ಎಂಬ ಉತ್ತರ ಬಂದ ಮೇಲೆ ಇಪ್ಪತ್ತು, ಆಮೇಲೆ ನಲವತ್ತು ಎಂದು ಇಮ್ಮಡಿಸುತ್ತ ಹೋಗುವುದು. ಉತ್ತರವು ಬೇಗ ಬಂದರೆ ಏರಿಕೆ ಬೇಗ, ತಡವಾದರೆ ನಿಧಾನ.

ಇಲ್ಲಿ ದೂರವು ಲೆಕ್ಕಕ್ಕೆ ಬರುತ್ತದೆ. ಕೊಕ್ಕಡದಿಂದ ಬೆಂಗಳೂರಿಗೆ ಸುಮಾರು ೩೦೦ ಕಿಲೊಮೀಟರ್. ಬೆಳಕು ಹೋಗಿ ಬರುವುದಕ್ಕೆ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಮೂರು ಭಾಗ, ಎಂದರೆ ೩ ಮಿಲಿಸೆಕೆಂಡು ಸಾಕು. ಕೇಬಲ್ಲು ನೇರವಾಗಿ ಹೋಗದಿರುವುದರಿಂದಲೂ ನಡುವಣ ಯಂತ್ರಗಳು ತಮ್ಮ ಪಾಲಿನ ಹೊತ್ತನ್ನು ತೆಗೆದುಕೊಳ್ಳುವುದರಿಂದಲೂ ವಾಸ್ತವದಲ್ಲಿ ಹತ್ತರ ಆಸುಪಾಸು ಕಾಣುವುದು. ಅಮೆರಿಕದಲ್ಲಿರುವ ಯಂತ್ರವು ೧೪,೦೦೦ ಕಿಲೊಮೀಟರ್ ದೂರದಲ್ಲಿದ್ದರೆ ಬೆಳಕಿಗೇ ೧೪೦ ಮಿಲಿಸೆಕೆಂಡು ಬೇಕು. ಯಾವ ಕಂಪನಿಯೂ ಯಾವ ಹಣಕ್ಕೂ ಇದನ್ನು ಕಡಿಮೆ ಮಾಡಲಾರದು. ಉತ್ತರಕ್ಕೆ ೨೫೦ ಮಿಲಿಸೆಕೆಂಡು ಹಿಡಿಯುವ ಮಾರ್ಗದಲ್ಲಿ ೧೦೦ ಮೆಗಾಬಿಟ್ಟಿನ ಪೈಪು ತುಂಬಬೇಕಾದರೆ ಒಂದೇ ಸಲಕ್ಕೆ ಎರಡು ಸಾವಿರಕ್ಕೂ ಹೆಚ್ಚು ಪೊಟ್ಟಣಗಳು ದಾರಿಯಲ್ಲಿರಬೇಕು. ಹತ್ತರಿಂದ ಇಮ್ಮಡಿಸುತ್ತ ಅಲ್ಲಿಗೆ ತಲಪುವುದಕ್ಕೆ ಎಂಟು ಸುತ್ತು, ಎಂದರೆ ಎರಡು ಸೆಕೆಂಡು. ನಡುವೆ ಒಂದು ಪೊಟ್ಟಣ ಕಳೆದುಹೋದರೆ ಯಂತ್ರವು ಹೆದರಿ ಹಿಂದೆ ಸರಿಯುತ್ತದೆ. ಆದುದರಿಂದಲೇ ಪರೀಕ್ಷೆಯ ತಂತ್ರಾಂಶಗಳಲ್ಲಿ ಹೆಚ್ಚಿನವು ಏಕಕಾಲಕ್ಕೆ ಹಲವು ಕೊಳವೆಗಳನ್ನು ತೆರೆಯುತ್ತವೆ, ಹತ್ತಿರದ ಯಂತ್ರವನ್ನೇ ಆರಿಸಿಕೊಳ್ಳುತ್ತವೆ. ಒಂದೇ ಕೊಳವೆಯಿಂದ ಅಳೆಯುವ ಎಂ-ಲ್ಯಾಬಿನ ಪರೀಕ್ಷೆಯೂ ಉಂಟು. ಎರಡರ ಉತ್ತರಗಳು ಬೇರೆಯಾಗಿದ್ದರೆ ಒಂದು ಸುಳ್ಳೆಂದು ತಿಳಿಯಬೇಕಾಗಿಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು.

ಹೀಗೆ ಪರದೆಯ ಮೇಲಿನ ಸಂಖ್ಯೆಯು ಕಂಪನಿಯ ಎಳೆಯೊಂದರದೇ ಅಲ್ಲ. ಮೊಬೈಲಿನಿಂದ ರೂಟರಿಗೆ, ರೂಟರಿನಿಂದ ಮೋಡೆಮ್ಮಿಗೆ, ಅಲ್ಲಿಂದ ಕಂಬಗಳ ಮೇಲಿನ ಎಳೆಯಲ್ಲಿ ಕಂಪನಿಯ ಕೇಂದ್ರಕ್ಕೆ, ಕೇಂದ್ರದಿಂದ ಬೆಂಗಳೂರಿಗೆ, ಕೊನೆಗೆ ಪರೀಕ್ಷೆಯ ಯಂತ್ರಕ್ಕೆ ಹೋಗುವ ಇಡೀ ಸರಪಳಿಯಲ್ಲಿ ಅತ್ಯಂತ ಇಕ್ಕಟ್ಟಾದ ಕೊಂಡಿ ಯಾವುದೋ ಅದರ ಸಂಖ್ಯೆ ಅದು. ಯಾವ ಕೊಂಡಿ ಎಂಬುದನ್ನು ಪರದೆಯು ಹೇಳುವುದಿಲ್ಲ. ಕಂಡುಹಿಡಿಯುವ ಉಪಾಯ ನಮ್ಮ ಪ್ರಯೋಗಶಾಲೆಯ ಹಳೆಯ ಉಪಾಯವೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು, ಪ್ರತಿಯೊಂದು ಸ್ಥಿತಿಯಲ್ಲಿಯೂ ಹಲವು ಬಾರಿ ಓದಿಕೊಳ್ಳುವುದು.

ವಿದ್ಯಾರ್ಥಿಗೆ ಒಂದು ನೋಟುಪುಸ್ತಕವನ್ನು ಗೆರೆ ಹಾಕಿಕೊಟ್ಟೆನು. ದಿನ, ಹೊತ್ತು, ಎಲ್ಲಿಂದ ಅಳೆದದ್ದು, ಕೇಬಲ್ಲೋ ವೈಫೈಯೋ, ಯಾವ ಊರಿನ ಯಂತ್ರ, ಡೌನ್‌ಲೋಡ್, ಅಪ್‌ಲೋಡ್, ವಿಳಂಬ. ಒಂದೊಂದು ಹೊತ್ತಿಗೆ ಐದು ಓದಿಕೆ. ಅವನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಣದನ್ನು ಸ್ವೀಕರಿಸಬೇಕು. ಸರಾಸರಿಯನ್ನೇಕೆ ತೆಗೆಯಬಾರದೆಂದರೆ, ಐದರಲ್ಲಿ ಒಂದು ಯಾವುದೋ ಕಾರಣದಿಂದ ಕೆಟ್ಟರೆ ಅದು ಸರಾಸರಿಯನ್ನೂ ಎಳೆದುಬಿಡುವುದು. ನಡುವಣ ಬೆಲೆಗೆ ಆ ಅಪಾಯವಿಲ್ಲ. ಅಳೆಯುವಾಗ ಮನೆಯ ಉಳಿದ ಮೊಬೈಲುಗಳನ್ನೂ ಟೀವಿಯನ್ನೂ ಜಾಲದಿಂದ ಬಿಡಿಸಿಡಬೇಕು. ಒಂದು ನಲ್ಲಿಯನ್ನು ಅಳೆಯುವಾಗ ಇನ್ನೊಂದನ್ನು ತೆರೆದಿಡುವವರುಂಟೆ? ಪರೀಕ್ಷೆಗಳನ್ನು ಅತಿಯಾಗಿ ಮಾಡುವುದೂ ಸಲ್ಲದು. ೧೦೦ ಮೆಗಾಬಿಟ್ಟಿನಲ್ಲಿ ಹತ್ತು ಸೆಕೆಂಡಿನ ಒಂದು ಪರೀಕ್ಷೆಗೆ ೧೨೫ ಮೆಗಾಬೈಟು ವೆಚ್ಚವಾಗಿ, ತಿಂಗಳ ಮಿತಿಯಿಂದ ಅಷ್ಟು ಕಳೆಯುವುದು.

ಮೂರು ದಿನಗಳ ಬಳಿಕ ಅವನು ತಂದ ಪುಟವನ್ನು ನೋಡಿದಾಗ ನನಗೆ ಸಂತೋಷವಾಯಿತು. ರೂಟರಿನ ಬಳಿ ಬೆಳಗ್ಗೆ ೯೪.೧, ಮಧ್ಯಾಹ್ನ ೯೪.೦, ರಾತ್ರಿ ಹನ್ನೊಂದಕ್ಕೆ ೯೪.೧. ಮಂಗಳೂರಿನ ಯಂತ್ರಕ್ಕೂ ೯೪, ಬೆಂಗಳೂರಿನ ಯಂತ್ರಕ್ಕೂ ೯೪. ಕಂಪನಿಯ ಮಾರ್ಗದಲ್ಲಿ ದಟ್ಟಣೆಯಿದ್ದರೆ ಸಂಖ್ಯೆಯು ಹೊತ್ತಿಗೊಂದು ಬಗೆಯಾಗಿ ಏರಿಳಿಯಬೇಕಾಗಿತ್ತು. ಹೀಗೆ ಅಲುಗದೆ ನಿಂತ ಸಂಖ್ಯೆಯು ದಟ್ಟಣೆಯ ಗುರುತಲ್ಲ, ಗೋಡೆಯ ಗುರುತು. ಎಲ್ಲಿಯೋ ಸರಿಯಾಗಿ ೧೦೦ ಮೆಗಾಬಿಟ್ಟಿನ ಒಂದು ಕೊಂಡಿ ಇರಲೇಬೇಕು.

ನೂರರ ಕೊಂಡಿಯಾದರೆ ತೊಂಬತ್ತನಾಲ್ಕೇಕೆ? ಇದರ ಲೆಕ್ಕ ಸೊಗಸಾಗಿದೆ. ಸಮಾಚಾರವು ಪೊಟ್ಟಣಗಳಾಗಿ ಸಾಗುವುದಷ್ಟೆ. ಒಂದು ಪೊಟ್ಟಣದಲ್ಲಿ ೧೫೦೦ ಬೈಟು ಹಿಡಿಯುತ್ತದೆ. ಅದರಲ್ಲಿ ೪೦ ಬೈಟು ವಿಳಾಸ, ಕ್ರಮಸಂಖ್ಯೆ ಮೊದಲಾದುವಕ್ಕೆ ಹೋಗುವುದು. ಕಾಲವನ್ನು ಗುರುತಿಸುವ ಮುದ್ರೆಗೆ ಸಾಮಾನ್ಯವಾಗಿ ಇನ್ನೂ ೧೨. ಸಾಮಾನಿಗೆ ಉಳಿದದ್ದು ೧೪೪೮. ಇದನ್ನು ಕೇಬಲ್ಲಿನ ಮೇಲೆ ಕಳುಹಿಸುವಾಗ ಹೊರಹೊದಿಕೆಗೆ ೧೮ ಬೈಟು, ಪೊಟ್ಟಣ ಬರುತ್ತಿದೆಯೆಂಬ ಮುನ್ಸೂಚನೆಗೆ ೮, ಎರಡು ಪೊಟ್ಟಣಗಳ ನಡುವೆ ಬಿಡಬೇಕಾದ ತೆರಪಿಗೆ ೧೨ ಬೈಟಿನಷ್ಟು ಕಾಲ. ಒಟ್ಟು ೧೫೩೮. ೧೪೪೮ನ್ನು ೧೫೩೮ರಿಂದ ಭಾಗಿಸಿದರೆ ೦.೯೪೧. ನೂರು ಮೆಗಾಬಿಟ್ಟಿನ ಕೇಬಲ್ಲು ಸಾಗಿಸಬಲ್ಲ ಸಾಮಾನು ೯೪.೧ ಮೆಗಾಬಿಟ್! ಅಡಿಕೆಯನ್ನು ಮಾರಾಟಕ್ಕೆ ಒಯ್ದಾಗ ಗೋಣಿಯ ತೂಕವನ್ನು ಕಳೆಯುವಂತೆಯೇ ಇದು. ಹುಡುಗನು ಪರದೆಯ ಮೇಲೆ ನೋಡಿದ ಸಂಖ್ಯೆಯು ಒಂದು ದಶಮಾಂಶದವರೆಗೂ ಈ ಲೆಕ್ಕಕ್ಕೆ ಹೊಂದಿತು.

ಇನ್ನು ಕೊಂಡಿಯನ್ನು ಹುಡುಕುವುದಷ್ಟೇ ಉಳಿಯಿತು. ಚಾವಡಿಯ ಗೋಡೆಯಲ್ಲಿ ಮೋಡೆಮ್, ಒಳಕೋಣೆಯಲ್ಲಿ ರೂಟರ್, ನಡುವೆ ಅಟ್ಟದ ಮೇಲಿಂದ ಹಾದುಹೋದ ಒಂದು ಕೇಬಲ್. ರೂಟರನ್ನು ಬಿಟ್ಟು, ಒಂದು ಲ್ಯಾಪ್‌ಟಾಪನ್ನು ಗಿಡ್ಡ ಕೇಬಲ್ಲಿನಿಂದ ನೇರವಾಗಿ ಮೋಡೆಮ್ಮಿಗೆ ಸೇರಿಸಿ ನೋಡಿದೆವು. ೧೪೭! ಎಂದರೆ ಕಂಪನಿಯು ಹೇಳಿದ್ದನ್ನು ಮನೆಯ ಬಾಗಿಲಿಗೆ ಸರಿಯಾಗಿಯೇ ತಂದು ಮುಟ್ಟಿಸುತ್ತಿತ್ತು. ಅಟ್ಟ ಹತ್ತಿ ನೋಡಿದರೆ ಕೇಬಲ್ಲನ್ನು ಒಂದೆಡೆ ಇಲಿ ಕಡಿದಿತ್ತು. ಇಂಥ ಕೇಬಲ್ಲಿನೊಳಗೆ ಎಂಟು ತಂತಿಗಳು ಎರಡೆರಡಾಗಿ ಹೆಣೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ. ಸಾವಿರ ಮೆಗಾಬಿಟ್ಟಿನ ಪದ್ಧತಿಗೆ ನಾಲ್ಕು ಜೋಡಿಗಳೂ ಬೇಕು. ನೂರರ ಪದ್ಧತಿಗೆ ಕಿತ್ತಳೆ ಮತ್ತು ಹಸಿರು ಬಣ್ಣದ ಎರಡು ಜೋಡಿಗಳು ಸಾಕು. ಕಡಿದುಹೋದದ್ದು ಕಂದು ಬಣ್ಣದ ಜೋಡಿ. ಯಂತ್ರಗಳೆರಡೂ ಒಡಂಬಟ್ಟು, ಸದ್ದಿಲ್ಲದೆ ಸಾವಿರದಿಂದ ನೂರಕ್ಕೆ ಇಳಿದಿದ್ದವು. ಕೆಲಸವೇನೂ ನಿಲ್ಲದಿದ್ದ ಕಾರಣ ಯಾರಿಗೂ ತಿಳಿಯಲಿಲ್ಲ. ತಂದೆಯವರು ೩೦೦ರ ಯೋಜನೆಯನ್ನು ಹಾಕಿಸಿದ್ದರೆ ಆಗಲೂ ಪರದೆಯ ಮೇಲೆ ೯೪ನ್ನೇ ಕಾಣುತ್ತಿದ್ದರು.

ಹೊಸ ಕೇಬಲ್ಲು ಬಂದಿತು. ಸಂಖ್ಯೆಯು ೧೪೭ಕ್ಕೆ ಏರಿತು. ಆದರೆ ಆ ಸಂಜೆಯೂ ಅಕ್ಕನ ಮಾತು ಮೊದಲಿನಂತೆಯೇ ಕಡಿಯಿತು.

ಇಲ್ಲಿ ನನ್ನದೇ ಒಂದು ಕಥೆಯನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಮನೆಯ ಸಂಪರ್ಕ ನಿಧಾನವೆಂದು ನಾನು ಕಟುವಾದ ದೂರನ್ನು ಕೊಟ್ಟಿದ್ದೆನು. ಮಳೆಯಲ್ಲಿ ನೆನೆಯುತ್ತ ಬಂದ ಲೈನ್‌ಮ್ಯಾನನು ತನ್ನ ಯಂತ್ರವನ್ನು ಮೋಡೆಮ್ಮಿಗೆ ನೇರವಾಗಿ ಸೇರಿಸಿ ಪೂರ್ಣ ಹರಿವನ್ನು ತೋರಿಸಿದನು. ಆಮೇಲೆ, ಧೂಳು ಕೂರದಿರಲೆಂದು ನಾನು ರೂಟರನ್ನು ಇಟ್ಟಿದ್ದ ಕಬ್ಬಿಣದ ಕಪಾಟನ್ನು ಮೆಲ್ಲನೆ ತೋರಿಸಿದನು. ಲೋಹದ ಪೆಟ್ಟಿಗೆಯು ವಿದ್ಯುತ್ಕಾಂತೀಯ ಅಲೆಗಳನ್ನು ತಡೆಯುವುದೆಂದು ವರ್ಷ ವರ್ಷವೂ ಪಾಠ ಹೇಳುವವನು ನಾನು! ವೈಫೈಯೆಂಬುದು ಅತ್ಯಂತ ಚಂಚಲವಾದ ಕೊಂಡಿ. ೨.೪ ಗಿಗಾಹರ್ಟ್ಸ್ ಅಲೆಯ ತರಂಗಾಂತರ ೧೨.೫ ಸೆಂಟಿಮೀಟರ್, ೫ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸುಮಾರು ಆರು. ಎರಡನೆಯದು ಹೆಚ್ಚು ಹೊರುವುದು, ಆದರೆ ಗೋಡೆಗಳಿಗೆ ಬೇಗ ಸೋಲುವುದು. ನಮ್ಮ ಜಿಲ್ಲೆಯ ಕೆಂಪುಕಲ್ಲಿನ ದಪ್ಪ ಗೋಡೆಗಳು ಮಳೆಗಾಲದಲ್ಲಿ ನೀರು ಕುಡಿದು ನಿಂತಿರುತ್ತವೆ. ನೀರು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ಎಳೆಗೆ ತಗಲದ ಮಳೆಯ ದೋಷವು ಮನೆಯೊಳಗೆ ಈ ದಾರಿಯಿಂದ ನುಸುಳಬಹುದು. ಅಕ್ಕನ ಮಹಡಿಯ ಕೋಣೆಯಲ್ಲಿ ೧೪೭ರ ಬದಲು ೩೮ ಮಾತ್ರ ಸಿಕ್ಕುತ್ತಿತ್ತು.

ಆದರೆ ವಿಡಿಯೊ ಸಭೆಗೆ ಮೂರು ನಾಲ್ಕು ಮೆಗಾಬಿಟ್ ಸಾಕು, ೩೮ ಧಾರಾಳವಾಯಿತು. ಹಾಗಾದರೆ ದೋಷವು ಹರಿವಿನಲ್ಲಿಲ್ಲ. ನೋಟುಪುಸ್ತಕದಲ್ಲಿ ಅಷ್ಟಾಗಿ ಗಮನಿಸದಿದ್ದ ಕೊನೆಯ ಕಂಬವನ್ನು, ಎಂದರೆ ವಿಳಂಬವನ್ನು, ಆಗ ನೋಡಿದೆವು. ಪರೀಕ್ಷೆಯ ಹೊತ್ತಿನಲ್ಲಿ ಅದು ೯ ಮಿಲಿಸೆಕೆಂಡು. ಸಂಜೆ ಸಭೆ ನಡೆಯುತ್ತಿದ್ದಾಗಲೇ ಬೇರೊಂದು ಕಂಪ್ಯೂಟರಿನಿಂದ, ಹರಿವನ್ನು ಅಳೆಯದೆ, ಸೆಕೆಂಡಿಗೊಮ್ಮೆ ಸಣ್ಣ ಪೊಟ್ಟಣವೊಂದನ್ನು ಕಳುಹಿಸಿ ಉತ್ತರ ಬರುವ ಹೊತ್ತನ್ನು ಗುರುತಿಸುತ್ತ ಕುಳಿತೆವು. ಇದಕ್ಕೆ 'ಪಿಂಗ್' ಎಂದು ಹೆಸರು. ಒಂಬತ್ತು, ಹತ್ತು, ಒಂಬತ್ತು ಎಂದು ಬರುತ್ತಿದ್ದದ್ದು ಏಳು ಗಂಟೆಯ ಸುಮಾರಿಗೆ ಒಮ್ಮೆಲೇ ೪೧೦ಕ್ಕೆ ಹಾರಿತು. ಹತ್ತು ನಿಮಿಷ ಅಲ್ಲಿಯೇ ನಿಂತು ಮತ್ತೆ ಒಂಬತ್ತಕ್ಕೆ ಇಳಿಯಿತು. ಅದೇ ಹತ್ತು ನಿಮಿಷ ಮಹಡಿಯ ಮೇಲೆ ಮಾತು ಕಡಿದಿತ್ತು.

ಆ ಹೊತ್ತಿಗೆ ಏನಾಗುತ್ತಿತ್ತೆಂದರೆ, ತೋಟದಿಂದ ಬಂದ ತಂದೆಯವರು ಮನೆಯ ವೈಫೈಗೆ ಸೇರುತ್ತಲೇ ಅವರ ಮೊಬೈಲು ದಿನದ ಚಿತ್ರಗಳನ್ನೂ ವಿಡಿಯೊಗಳನ್ನೂ ತಾನಾಗಿಯೇ ದೂರದ ಉಗ್ರಾಣಕ್ಕೆ ಏರಿಸಲು ತೊಡಗುತ್ತಿತ್ತು. ಅವರ ಯೋಜನೆಯಲ್ಲಿ ಮೇಲಕ್ಕೆ ಕಳುಹಿಸುವ ಮಿತಿ ೩೦ ಮೆಗಾಬಿಟ್. ಅದಕ್ಕಿಂತ ರಭಸದಿಂದ ಬಂದ ಪೊಟ್ಟಣಗಳು ಹೊರಗಿನ ಎಳೆಗೆ ಸೇರುವ ಮೊದಲು ಸಾಲಿನಲ್ಲಿ ಕಾಯಬೇಕು. ಯಂತ್ರಗಳನ್ನು ಮಾಡುವವರು ಒಂದು ಪೊಟ್ಟಣವೂ ನಷ್ಟವಾಗದಿರಲೆಂದು ಈ ಸಾಲಿಗೆ ವಿಶಾಲವಾದ ಜಾಗವನ್ನು ಒದಗಿಸಿರುತ್ತಾರೆ. ಒಂದೂವರೆ ಮೆಗಾಬೈಟಿನ ಸಾಲು ತುಂಬಿದೆಯೆನ್ನಿರಿ. ಅದು ಒಂದು ಕೋಟಿ ಇಪ್ಪತ್ತು ಲಕ್ಷ ಬಿಟ್. ಸೆಕೆಂಡಿಗೆ ಮೂರು ಕೋಟಿಯಂತೆ ಅದು ಖಾಲಿಯಾಗುವುದಕ್ಕೆ ೦.೪ ಸೆಕೆಂಡು, ಎಂದರೆ ೪೦೦ ಮಿಲಿಸೆಕೆಂಡು. ಅಕ್ಕನ ಧ್ವನಿಯ ಪುಟ್ಟ ಪೊಟ್ಟಣವೂ ಅಡಿಕೆಯ ಲಾರಿಗಳ ಹಿಂದೆ ಸಿಕ್ಕಿಬಿದ್ದ ಸೈಕಲ್ಲಿನಂತೆ ಇದೇ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತಿತ್ತು. ೨೦೧೦ರ ಸುಮಾರಿಗೆ ಜಿಮ್ ಗೆಟಿಸ್ ಎಂಬ ಅಮೆರಿಕದ ತಜ್ಞನು ತನ್ನ ಮನೆಯಲ್ಲಿಯೇ ಇಂಥದನ್ನು ಗುರುತಿಸಿ, ಇದಕ್ಕೆ 'ಬಫರ್‌ಬ್ಲೋಟ್' ಎಂಬ ಹೆಸರನ್ನು ಪ್ರಚಾರಕ್ಕೆ ತಂದನು. ಉಬ್ಬಿದ ಕಾಯುವ ಸಾಲು ಎಂದು ನಾವು ಕರೆಯಬಹುದು. ಉಳಿದ ಮೊಬೈಲುಗಳನ್ನೆಲ್ಲ ಬಿಡಿಸಿ ಮಾಡಿದ ನಮ್ಮ ಅಚ್ಚುಕಟ್ಟಾದ ಪರೀಕ್ಷೆಗೆ ಇದು ಕಾಣಿಸಲೇ ಇಲ್ಲ. ಹರಿವನ್ನು ಅಳೆಯುವುದಕ್ಕೆ ಮನೆಯು ಸುಮ್ಮನಿರಬೇಕು; ಈ ದೋಷವನ್ನು ಹಿಡಿಯುವುದಕ್ಕೆ ಮನೆಯು ಎಂದಿನಂತೆ ಗದ್ದಲದಲ್ಲಿರಬೇಕು. ಇದು ನನಗೂ ಹೊಳೆದದ್ದು ಎರಡು ದಿನ ತಡವಾಗಿ.

ಪರಿಹಾರಕ್ಕೆ ಹಣ ಬೇಕಾಗಲಿಲ್ಲ. ತಂದೆಯವರ ಮೊಬೈಲು ಚಿತ್ರಗಳನ್ನು ಏರಿಸುವುದನ್ನು ತಾನಾಗಿ ಮಾಡದಂತೆ ಬದಲಿಸಿದೆವು. ರಾತ್ರಿ ಊಟದ ನಂತರ ಅವರೇ ಅದನ್ನು ನಡೆಸುತ್ತಾರೆ. ರೂಟರಿನಲ್ಲಿ ಏರಿಕೆಯ ಮಿತಿಯನ್ನು ೩೦ರ ಬದಲು ೨೭ಕ್ಕೆ ಕಟ್ಟಿ, ಸಣ್ಣ ಪೊಟ್ಟಣಗಳಿಗೆ ಮೊದಲ ದಾರಿ ಬಿಡುವಂತೆ ಮಾಡಿದೆವು. ಎಲ್ಲ ರೂಟರುಗಳಲ್ಲಿಯೂ ಈ ಸೌಕರ್ಯವಿರುವುದಿಲ್ಲ, ಅದೃಷ್ಟವಶಾತ್ ಅವರದರಲ್ಲಿತ್ತು. ಮಹಡಿಯ ಕೋಣೆಗೆ ಕಿಟಕಿಯ ಮೂಲಕ ಕೇಬಲ್ಲನ್ನು ಎಳೆಯುವಾಗ, ಮಳೆಯ ನೀರು ಅದರ ಗುಂಟ ಒಳಕ್ಕೆ ಹರಿಯದಂತೆ ಹೊರಗಡೆ ಒಂದು ಬಾಗು ಇಳಿಬಿಡಬೇಕೆಂದು ಹುಡುಗನಿಗೆ ಹೇಳಬೇಕಾಗಲಿಲ್ಲ. ವಿದ್ಯುತ್ ಇಲಾಖೆಯವರು ಮನೆಗೆ ತಂತಿ ತರುವಾಗ ಹಾಗೆ ಮಾಡಿದ್ದನ್ನು ಅವನು ನೋಡಿದ್ದನು.

ಕಂಪನಿಯ ಮೇಲೆ ಹೇಳುವುದು ಏನೂ ಇಲ್ಲವೆಂದಲ್ಲ. ನೋಟುಪುಸ್ತಕದಲ್ಲಿ ರಾತ್ರಿ ಎಂಟೂವರೆಯಿಂದ ಹತ್ತರವರೆಗಿನ ಓದಿಕೆಗಳು, ಹೊಸ ಕೇಬಲ್ಲು ಹಾಕಿದ ಮೇಲೂ, ೧೧೮, ೧೦೪, ೧೩೧ ಎಂದು ಏರಿಳಿಯುತ್ತಿವೆ. ಇದು ದಟ್ಟಣೆಯ ನಿಜವಾದ ಗುರುತು. ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಕೇಂದ್ರದಿಂದ ಹೊರಟ ಒಂದು ಎಳೆಯ ೨೪೮೮ ಮೆಗಾಬಿಟ್ಟನ್ನು ಮೂವತ್ತೆರಡು ಮನೆಗಳು ಹಂಚಿಕೊಂಡರೆ ಮನೆಗೆ ೭೮ಕ್ಕಿಂತ ಹೆಚ್ಚು ಬರುವಂತಿಲ್ಲ. ಎಲ್ಲರೂ ಒಂದೇ ಕ್ಷಣದಲ್ಲಿ ಬಳಸುವುದಿಲ್ಲವೆಂಬ ಭರವಸೆಯ ಮೇಲೆಯೇ ೧೫೦ನ್ನು ಮಾರುವುದು ಸಾಧ್ಯವಾಗಿದೆ. ಈ ಭರವಸೆ ನ್ಯಾಯವಾದದ್ದೇ. ರಾತ್ರಿ ಒಂಬತ್ತಕ್ಕೆ ಮಾತ್ರ ಅದು ಸ್ವಲ್ಪ ಜಗ್ಗುತ್ತದೆ. 'ವರೆಗೆ' ಎಂಬ ಒಂದು ಸಣ್ಣ ಪದವನ್ನು ಜಾಹೀರಾತಿನವರು ೧೫೦ರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಸೇರಿಸುವುದು ಇದಕ್ಕಾಗಿಯೇ. ನಿಯಂತ್ರಣ ಪ್ರಾಧಿಕಾರವು ೨೦೦೬ರಲ್ಲಿ ಮಾಡಿದ ಗುಣಮಟ್ಟದ ನಿಯಮಾವಳಿಯು, ಕಂಪನಿಯ ಕೇಂದ್ರದಿಂದ ಗಿರಾಕಿಯವರೆಗೆ ಅಳೆದಾಗ ಯೋಜನೆಯ ಶೇಕಡ ಎಂಬತ್ತಕ್ಕೂ ಹೆಚ್ಚು ಹರಿವು ಇರಬೇಕೆಂದು ಗೊತ್ತುಮಾಡಿತ್ತು. 'ಕಂಪನಿಯ ಕೇಂದ್ರದಿಂದ' ಎಂಬ ಮಾತನ್ನು ಗಮನಿಸಬೇಕು. ಅಮೆರಿಕದ ಯಂತ್ರಕ್ಕೆ ಅಳೆದ ಸಂಖ್ಯೆಯನ್ನಾಗಲಿ, ಮಹಡಿಯ ವೈಫೈಯಿಂದ ಅಳೆದ ಸಂಖ್ಯೆಯನ್ನಾಗಲಿ ಹಿಡಿದು ವಾದಿಸುವುದಕ್ಕೆ ಬರುವುದಿಲ್ಲ.

ಆದುದರಿಂದ ಹುಡುಗನು ಈಗ ರಾತ್ರಿಯ ಓದಿಕೆಗಳನ್ನು ಮಾತ್ರ ಬರೆಯುತ್ತಿದ್ದಾನೆ: ಕೇಬಲ್ಲಿನಿಂದ, ನೇರವಾಗಿ ಮೋಡೆಮ್ಮಿಗೆ ಸೇರಿಸಿ, ಕಂಪನಿಯದೇ ಪರೀಕ್ಷಾ ಯಂತ್ರಕ್ಕೆ, ಒಂಬತ್ತು ಗಂಟೆಗೆ ಐದು ಸಲ. ಯೋಜನೆಯ ಶೇಕಡ ಎಂಬತ್ತೆಂದರೆ ೧೨೦. ಅದಕ್ಕಿಂತ ಕೆಳಗಿನವನ್ನು ಕೆಂಪು ಶಾಯಿಯಲ್ಲಿ ಗುರುತಿಸುತ್ತಾನೆ. ಹದಿನೈದು ದಿನಗಳ ಪಟ್ಟಿ ಪೂರ್ಣವಾದ ಮೇಲೆ ಅದನ್ನು ದೂರಿನೊಡನೆ ಕಳುಹಿಸುವುದೆಂದು ನಿಶ್ಚಯವಾಗಿದೆ. ಅಕ್ಕನು ಕೊಕ್ಕಡದಲ್ಲಿಯೇ ಇದ್ದಾಳೆ. ೩೦೦ರ ಯೋಜನೆಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಭಾಗವನ್ನು ತಂದೆಯವರು ಅಟ್ಟಕ್ಕೆ ಎರಡು ಇಲಿಬೋನುಗಳನ್ನು ತರುವುದಕ್ಕೆ ಉಪಯೋಗಿಸಿದರು.